ಒಂದು ದೊಡ್ಡದೋ, ಮೂರು ದೊಡ್ಡದೋ?

ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಹದಿನೈದು ಜನ ಇದ್ದೇವೆ. ಆಸ್ಪತ್ರೆಯವರ ಬಿಳಿ ಕೋಟು ಹೊಲಿಯುತ್ತೇವೆ. ನನ್ನದು ಕಾಜಾ-ಗುಂಡಿ ಕೆಲಸ. ನನ್ನ ಎದುರಿಗಿರುವ ಉದ್ದ ಮೇಜು ದೊಡ್ಡಮ್ಮನದು. ಬಟ್ಟೆ ಕತ್ತರಿಸುವವಳು ಅವಳೇ. ಇಲ್ಲಿ ಯಾರಿಗೂ ಸಂಬಂಧಿಕಳಲ್ಲ, ಆದರೂ ಎಲ್ಲರಿಗೂ ದೊಡ್ಡಮ್ಮ. ಕತ್ತರಿಯಷ್ಟೇ ನಾಲಿಗೆಯೂ ಹರಿತ. ಆದರೆ ನಮ್ಮಲ್ಲಿ ಯಾರಿಗಾದರೂ ಜ್ವರ ಬಂದರೆ ಮೊದಲು ಬಾಗಿಲು ತಟ್ಟುವವಳೂ ಅವಳೇ.

ಆರು ತಿಂಗಳ ಹಿಂದೆ ಅವಳ ಗಂಡನಿಗೆ ಲಕ್ವ ಹೊಡೆಯಿತು. ಈಗ ದಿನಾ ಸಂಜೆ ನಾಲ್ಕಕ್ಕೆ ಆಸ್ಪತ್ರೆಯಲ್ಲಿ ಅವರಿಗೆ ನಡಿಗೆ ಕಲಿಸುತ್ತಾರೆ. ದೊಡ್ಡಮ್ಮ ಕೈ ಹಿಡಿದರೆ ಹೆಜ್ಜೆ ಇಡುತ್ತಾರೆ. ಬೇರೆ ಯಾರು ಹಿಡಿದರೂ ಮುಷ್ಕರ.

ಹೀಗಿರುವಾಗ ಒಂದು ಮಧ್ಯಾಹ್ನ ಮೇಸ್ತ್ರಿ ಬಂದು, "ಮುಂದಿನ ತಿಂಗಳಿಂದ ಕೆಲಸದ ಹೊತ್ತು ಬದಲಾಗುತ್ತೆ. ಏಳರಿಂದ ಮೂರು, ಏಳೂವರೆಯಿಂದ ಮೂರೂವರೆ, ಇಲ್ಲಾ ಹನ್ನೊಂದರಿಂದ ಏಳು. ಯಾವುದು ಬೇಕೋ ನೀವೇ ಕೈಯೆತ್ತಿ ಹೇಳಿ" ಅಂದರು.

ಹನ್ನೊಂದಕ್ಕೆ ಏಳು ಕೈ ಎದ್ದವು. ಏಳು ಗಂಟೆಗೆ ಐದು. ಏಳೂವರೆಗೆ ಮೂರು. ಅಲ್ಲಿಗೆ ಹನ್ನೊಂದು ಗೆದ್ದಿತು. ಅದರ ಮುಂದಾಳು ನಮ್ಮ ನಿದ್ದೆಪುಟ್ಟಿ. ಕಾಲರ್ ಹೊಲಿಯುವವಳು, ಬೆಳಗಿನ ಹೊತ್ತು ಮಷೀನಿನ ಮೇಲೇ ತೂಕಡಿಸುವವಳು. ಅವಳು ಚಪ್ಪಾಳೆ ತಟ್ಟಿದಳು. ದೊಡ್ಡಮ್ಮ ಕತ್ತರಿ ಕೆಳಗಿಟ್ಟಳು. ರಾತ್ರಿ ಏಳರವರೆಗೆ ಇಲ್ಲಿದ್ದರೆ ನಾಲ್ಕಕ್ಕೆ ಆ ಕೈ ಹಿಡಿಯುವವರು ಯಾರು?

ಊಟದ ಹೊತ್ತಿಗೆ ದೊಡ್ಡಮ್ಮನ ತಂಗಿಯ ಮಗಳು ಬಂದಳು. ಗ್ರಂಥಾಲಯದಲ್ಲಿ ಕೆಲಸ, ಕೈಯಲ್ಲಿ ಒಂದು ಕಟ್ಟು ಕರಪತ್ರ. ಪಾರ್ಲಿಮೆಂಟಿಗೆ ಸದಸ್ಯರನ್ನು ಮೂರು ಪದ್ಧತಿಗಳಲ್ಲಿ ಯಾವುದರಲ್ಲಿ ಆರಿಸಬೇಕು ಅಂತ ಮುಂದಿನ ಭಾನುವಾರ ದೇಶಕ್ಕೆ ದೇಶವೇ ಓಟು ಹಾಕಬೇಕಿತ್ತಲ್ಲ, ಅದರದ್ದು.

"ನನಗೆ ಕೊಡಬೇಡ ಕಣೇ," ಅಂದಳು ದೊಡ್ಡಮ್ಮ. "ಎಂಟು ಸಲ ಓಟು ಹಾಕಿದೀನಿ. ನಾನು ಹಾಕಿದೋರು ಒಂದು ಸಲಾನೂ ಗೆದ್ದಿಲ್ಲ. ಇವತ್ತು ಇಲ್ಲೂ ಅದೇ ಹಣೆಬರಹ. ಇನ್ನು ನಾನು ಆ ಕಡೆ ತಲೆ ಹಾಕಿ ಕೂಡ ಮಲಗಲ್ಲ."

ನಡೆದದ್ದನ್ನು ನಾನೇ ಹೇಳಿದೆ. ಹುಡುಗಿ ನಕ್ಕಳು. "ದೊಡ್ಡಮ್ಮಾ, ಇದು ಹಣೆಬರಹ ಅಲ್ಲ, ಲೆಕ್ಕ. ಈಗಿನ ಪದ್ಧತೀಲಿ ಓಟು ಅಂದ್ರೆ ಓಟದ ಪಂದ್ಯ ಇದ್ದ ಹಾಗೆ. ಯಾರು ಮುಂದೆ ಬಂದ್ರೋ ಅವರೇ ಗೆದ್ರು. ಅರ್ಧಕ್ಕಿಂತ ಹೆಚ್ಚು ಜನ ಬೇಕು ಅಂತೇನಿಲ್ಲ. ಇಲ್ಲಿ ಬೇಗ ಮನೆಗೆ ಹೋಗ್ಬೇಕು ಅನ್ನೋರು ಎಂಟು ಜನ ಇದ್ರಿ. ಆದ್ರೆ ಐದು, ಮೂರು ಅಂತ ಒಡೆದು ಹೋದ್ರಿ."

"ಇಬ್ಬರ ಜಗಳ ಮೂರನೆಯವರಿಗೆ ಲಾಭ," ಅಂದಳು ಇಸ್ತ್ರಿ ಹಾಕುವವಳು, ನಾವೆಲ್ಲ ಅತ್ತಿಗೆ ಅನ್ನುವವಳು.

"ಹಾಗಂತ ಈಗಿನ ಪದ್ಧತಿ ಕೆಟ್ಟದ್ದು ಅನ್ನಲ್ಲ ನಾನು," ಅಂದಳು ಹುಡುಗಿ. "ಎಣಿಸೋದು ಸುಲಭ. ನಮ್ಮ ಕ್ಷೇತ್ರಕ್ಕೆ ಇಂಥವರು ಅಂತ ಒಬ್ಬರು ಇರ್ತಾರೆ, ಹೋಗಿ ಜಗಳ ಆಡಬಹುದು. ಎರಡನೇ ಪದ್ಧತೀಲಿ ಒಬ್ಬರಿಗೇ ಗುರುತು ಹಾಕೋ ಬದಲು ಒಂದು, ಎರಡು, ಮೂರು ಅಂತ ನಂಬರ್ ಹಾಕ್ತೀರಿ. ಯಾರಿಗೂ ಅರ್ಧ ದಾಟದಿದ್ರೆ ಎಲ್ಲರಿಗಿಂತ ಹಿಂದೆ ಇರೋರನ್ನ ಬಿಟ್ಟು, ಅವರಿಗೆ ಬಿದ್ದ ಒಂದೊಂದು ಚೀಟೀಲೂ ಎರಡನೇ ನಂಬರ್ ಯಾರಿಗಿದೆಯೋ ಅವರಿಗೆ ಆ ಚೀಟಿ ಹೋಗುತ್ತೆ."

"ಇಲ್ಲೇ ಮಾಡಿ ನೋಡೋಣ!" ಅಂದಳು ನಿದ್ದೆಪುಟ್ಟಿ. ಗೆದ್ದ ಜಂಬ ಬೇರೆ. "ಹೇಗೆ ಎಣಿಸಿದ್ರೂ ನಾವೇ." ಮೇಸ್ತ್ರಿಯೂ ಸಂಜೆಯೊಳಗೆ ಮುಗಿಸಿ ಅಂದರು.

ಬಟ್ಟೆ ಕತ್ತರಿಸಲು ಅಳತೆಗೆ ಇಡುವ ಹಳೆಯ ಕಾಗದದ ನಮೂನೆಗಳನ್ನು ಹರಿದು ಚೀಟಿ ಮಾಡಿ ಹಂಚಿದೆವು. ಹುಡುಗಿ ಇನ್ನೊಮ್ಮೆ ವಿವರಿಸಿದಳು. ದೊಡ್ಡಮ್ಮ ಮಾತ್ರ ಅಷ್ಟರಲ್ಲಿ ಒಂದು ತೋಳು ಗುರುತು ಹಾಕಿ ಮುಗಿಸುತ್ತೇನೆ ಅಂತ ಮೇಜಿಗೆ ಬಗ್ಗಿದ್ದಳು. ಕೆಲಸದಲ್ಲಿ ಮುಳುಗಿದರೆ ಅವಳ ಕಿವಿಗೆ ರಜೆ.

ಎಣಿಸಿದೆವು. ಹನ್ನೊಂದಕ್ಕೆ ಎಂಟು. ಏಳಕ್ಕೆ ನಾಲ್ಕು. ಏಳೂವರೆಗೆ ಮೂರು. ಹನ್ನೊಂದು ಮೊದಲ ಸುತ್ತಿನಲ್ಲೇ ಅರ್ಧ ದಾಟಿತ್ತು.

"ಎಂಟಾ?" ಹುಡುಗಿ ಬೆಪ್ಪಾದಳು. "ಯಾರೋ ಮನಸ್ಸು ಬದಲಾಯಿಸಿದ್ದೀರಿ."

"ನಾನಂತೂ ಬದಲಾಯಿಸಿಲ್ಲಮ್ಮ," ಅಂದಳು ದೊಡ್ಡಮ್ಮ. "ಏಳು ಗಂಟೆಗೆ ದೊಡ್ಡ ನಂಬರೇ ಕೊಟ್ಟಿದೀನಿ. ಮೂರು!"

ಆಗ ಎಲ್ಲರಿಗೂ ಅರ್ಥವಾಯಿತು. ನಮ್ಮಲ್ಲಿ ಒಂದನೇ ನಂಬರ್ ಅಂದರೆ ಸಣ್ಣ ಕೋಟು, ಮೂರನೇ ನಂಬರ್ ಅಂದರೆ ಎಲ್ಲಕ್ಕಿಂತ ದೊಡ್ಡದು. ಮೂವತ್ತು ವರ್ಷದಿಂದ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಹಾಗೆಯೇ ಬರೆದ ಕೈ ಅದು. ಬಹಳ ಬೇಕಾದ್ದಕ್ಕೆ ಮೂರು, ಬೇಡದ್ದಕ್ಕೆ ಒಂದು! ಪಾಪ, ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದಳು.

ನಗು ಬಂತು, ನಿಜ. ಆದರೆ ಅವಳ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು. "ಅವರು ನಿನ್ನೆ ಹನ್ನೆರಡು ಹೆಜ್ಜೆ ಹಾಕಿದ್ರು," ಅಂದಳು ಅವಳು, ಯಾರಿಗೂ ಅಂತ ಅಲ್ಲ. ನನಗೆ ಕಣ್ಣು ತುಂಬಿತು.

ಮೊದಲು ಎದ್ದವಳು ನಿದ್ದೆಪುಟ್ಟಿ. "ಇನ್ನೊಂದು ಸಲ ಹಾಕೋಣ. ಹೀಗೆ ಗೆದ್ದು ನಾನು ಮಲಗಿದ್ರೂ ನಿದ್ದೆ ಬರಲ್ಲ."

ಹುಡುಗಿ ದೊಡ್ಡಮ್ಮನ ಭುಜ ಹಿಡಿದು, "ಭಾನುವಾರ ಹೀಗೆ ಇನ್ನೊಂದು ಚೀಟಿ ಯಾರೂ ಕೊಡಲ್ಲ, ನೆನಪಿರಲಿ. ಹೋಗೋ ಮುಂಚೆ ಕೇಳಿ ತಿಳ್ಕೋಬೇಕು. ಈ ಚೀಟೀಲಿ ಬಹಳ ಇಷ್ಟವಾದ್ದಕ್ಕೆ ಒಂದು" ಅಂದಳು.

ಮತ್ತೆ ಹಾಕಿದೆವು. ಹನ್ನೊಂದಕ್ಕೆ ಏಳು, ಏಳಕ್ಕೆ ಐದು, ಏಳೂವರೆಗೆ ಮೂರು. ಯಾರಿಗೂ ಅರ್ಧ ದಾಟಲಿಲ್ಲ. ಏಳೂವರೆ ಬಿದ್ದುಹೋಯಿತು. ಅದರ ಮೂರು ಚೀಟಿಗಳಲ್ಲೂ ಎರಡನೇ ನಂಬರ್ ಏಳು ಗಂಟೆಗೇ ಇತ್ತು. ಎಂಟು, ಏಳು. ಏಳು ಗಂಟೆ ಗೆದ್ದಿತು!

ದೊಡ್ಡಮ್ಮ ಕುಣಿಯುತ್ತಾಳೆ ಅಂದುಕೊಂಡೆವು. ಅವಳು ನಿದ್ದೆಪುಟ್ಟಿಯ ಕಡೆ ನೋಡಿದಳು. "ಈಗ ಈ ಏಳು ಜನರ ಮಾತು ಎಲ್ಲಿಗೆ ಹೋಯ್ತು? ಪುಟ್ಟಿಯ ಇಬ್ಬರು ಮಕ್ಕಳನ್ನ ಬೆಳಿಗ್ಗೆ ಶಾಲೆಗೆ ಬಿಡೋರು ಯಾರು? ಎಂಟು ಸಲ ಸೋತವಳು ನಾನು. ಸೋತವರ ಕಷ್ಟ ನನಗೆ ಗೊತ್ತು."

"ಅದಕ್ಕೇ ಮೂರನೇ ಪದ್ಧತಿ ಇರೋದು," ಅಂದಳು ಹುಡುಗಿ. "ಪಾರ್ಲಿಮೆಂಟಲ್ಲಿ ಒಂದೇ ಕುರ್ಚಿ ಇಲ್ಲವಲ್ಲ, ನೂರಾರು ಇವೆ. ಪಕ್ಷಕ್ಕೆ ನೂರಕ್ಕೆ ಎಷ್ಟು ಓಟು ಬಂತೋ, ಹೆಚ್ಚುಕಡಿಮೆ ಅಷ್ಟೇ ಪಾಲು ಕುರ್ಚಿ. ಅವರವರ ಪಾಲು ಅವರಿಗೆ. ಆದ್ರೆ ಒಂದೇ ಪಕ್ಷಕ್ಕೆ ಅರ್ಧ ದಾಟೋದು ಕಷ್ಟ. ಆಗ ನಾಲ್ಕಾರು ಪಕ್ಷ ಕೂಡಿ ಸರ್ಕಾರ ನಡೆಸ್ಬೇಕು. ಮಾತುಕತೆಗೇ ವಾರಗಟ್ಟಲೆ ಹಿಡಿಯಬಹುದು. ನಮ್ಮ ಕ್ಷೇತ್ರದವರು ಅಂತ ಒಬ್ಬರನ್ನ ಹಿಡ್ಕೊಳ್ಳೋಕೂ ಆಗದೇ ಇರಬಹುದು."

ದೊಡ್ಡಮ್ಮ ಮೇಸ್ತ್ರಿಯ ಕಡೆ ತಿರುಗಿದಳು. "ನಮಗೂ ಪಾಲು ಮಾಡಿ. ಎಂಟು ಜನ ಏಳಕ್ಕೆ ಬರ್ತೀವಿ, ಏಳು ಜನ ಹನ್ನೊಂದಕ್ಕೆ ಬರಲಿ."

"ಕಾಲರ್ ಹೊಲಿಯೋಳು ಬರೋವರೆಗೆ ನೀವು ಕೋಟು ಹೇಗೆ ಮುಗಿಸ್ತೀರಿ?" ಅಂದರು ಮೇಸ್ತ್ರಿ. ನಿಜವಾದ ತೊಡಕೇ. ಅದಕ್ಕೆ ನಾವು ಮಾತಾಡಿದೆವು, ಕೂಗಾಡಿದೆವು, ಇಸ್ತ್ರಿಯ ಅತ್ತಿಗೆ ಎರಡು ಸಲ ಮುನಿಸಿಕೊಂಡಳು. ಕೊನೆಗೆ ಹಿಂದಿನ ದಿನವೇ ಕಾಲರ್ ಹೊಲಿದಿಡುವುದು ಅಂತ ಒಪ್ಪಂದವಾಯಿತು. ಒಂದು ತಿಂಗಳು ನೋಡೋಣ ಅಂದರು ಮೇಸ್ತ್ರಿ.

ಭಾನುವಾರ ದೊಡ್ಡಮ್ಮ ಓಟು ಹಾಕಲು ಬಂದಳು. ದೊಡ್ಡಪ್ಪನೂ ಜೊತೆಗಿದ್ದರು, ಗಾಡಿಯಿಂದ ಮತಗಟ್ಟೆಯ ಬಾಗಿಲಿನವರೆಗೆ ಅವಳ ಕೈ ಹಿಡಿದು ನಡೆದೇ ಬಂದರು. ಹಾಕಿ ಹೊರಗೆ ಬಂದಾಗ, "ಮೂರರಲ್ಲಿ ಯಾವುದಕ್ಕೆ ಹಾಕಿದೆ?" ಅಂತ ನಾನು ಕೇಳಿದೆ.

"ಗುಟ್ಟು," ಅಂದಳು. "ನಿಮ್ಮ ದೊಡ್ಡಪ್ಪನಿಗೇ ಹೇಳಿಲ್ಲ. ಅವರೂ ನನಗೆ ಹೇಳಿಲ್ಲ, ಕಳ್ಳರು."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಯಾವ ಪದ್ಧತಿ ಒಳ್ಳೆಯದು ಅಂತ ನಾನು ಹೇಳುವುದಿಲ್ಲ. ಅದು ನಿಮ್ಮ ತೀರ್ಮಾನ. ಆದರೆ ಓಟು ಹಾಕುವ ಮುಂಚೆ ಚೀಟಿಯಲ್ಲಿ ಏನು ಬರೆಯಬೇಕು ಅಂತ ಸರಿಯಾಗಿ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ. ಗೆಲ್ಲುವವರು ಹೇಗೆ ಗೆಲ್ಲುತ್ತಾರೆ ಅಂತ ಎಲ್ಲರೂ ಕೇಳುತ್ತಾರೆ. ಸೋತವರ ಓಟು ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳಿ. ಯಾಕೆಂದರೆ ಒಂದಲ್ಲ ಒಂದು ಸಲ ಆ ಓಟು ನಿಮ್ಮದೇ ಆಗಿರುತ್ತದೆ.