ಮೂರನೇ ಮಹಡಿಯ ಹಿಂಬಾಗಿಲು

ಬಬಿತಾ ಮೂರನೇ ಸಲವೂ ಹಿಂಬಾಗಿಲನ್ನು ಬಿಟ್ಟು ಮುಂದಕ್ಕೆ ಓಡಿದಳು. ಓಡಿದ್ದು ಪರದೆಯ ಮೇಲೆ. ನಿಜದಲ್ಲಿ ಅವಳು ದಿಲ್ಲಿಯ ಓಖ್ಲಾದ ಪುಟ್ಟ ಆಫೀಸೊಂದರ ನಡುವೆ, ಕಣ್ಣಿಗೆ ಹೆಡ್‌ಸೆಟ್ ಕಟ್ಟಿಕೊಂಡು ನಿಂತಿದ್ದಳು. ಪರದೆಯೊಳಗಿನ ಗಾರ್ಮೆಂಟ್ ಕಾರ್ಖಾನೆಯ ಮೂರನೇ ಮಹಡಿಯಲ್ಲಿ ಹೊಗೆ ತುಂಬಿತ್ತು. ಅಲ್ಲಿ ಅವಳು ಸೂಪರ್‌ವೈಸರ್. ಇಪ್ಪತ್ತು ಜನರನ್ನು ಮೂರು ನಿಮಿಷದಲ್ಲಿ ಹೊರಗೆ ಕರೆದೊಯ್ಯಬೇಕು. ಮುಂಭಾಗದ ಮೆಟ್ಟಿಲು ಸಿಗುವಷ್ಟರಲ್ಲಿ ಸಮಯ ಮುಗಿದು ಪರದೆ ಕೆಂಪಾಯಿತು.

ಲಾವಣ್ಯಾ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ನಾಲ್ಕು ತಿಂಗಳು ಕೂತು ಬೆಂಕಿ ತರಬೇತಿಯ ಈ ಪಾಠವನ್ನು ಕಟ್ಟಿದವಳು ಅವಳೇ. ಬಬಿತಾ ದುಡಿಯುವ ಕಾರ್ಖಾನೆಗೆಂದೇ ಮಾಡಿದ್ದು. ಸೋಮವಾರ ಅಲ್ಲಿನ ಮ್ಯಾನೇಜರ್ ನೋಡಲು ಬರುವವರಿದ್ದರು. ಪರೀಕ್ಷೆಗೆ ಬಂದ ಆರು ಹೆಂಗಸರಲ್ಲಿ ಒಬ್ಬಳೂ ಹತ್ತಿರದ ಹಿಂಬಾಗಿಲಿಗೆ ಹೋಗಿರಲಿಲ್ಲ. ದಾರಿ ತೋರಿಸುವ ಹಸಿರು ಬಾಣವನ್ನು ಬೆಳಗಿನಿಂದ ಎರಡು ಸಲ ದೊಡ್ಡದು ಮಾಡಿದ್ದಾಗಿತ್ತು.

"ಬಾಣ ಕಾಣಿಸಲಿಲ್ವಾ?" ಎಂದು ಹಿಂದಿಯಲ್ಲಿ ಕೇಳಿದಳು.

ಬಬಿತಾ ಹೆಡ್‌ಸೆಟ್ ತೆಗೆದು ಕೂದಲು ಸರಿಮಾಡಿಕೊಂಡಳು. "ಕಾಣಿಸ್ತು ದೀದಿ. ಆದ್ರೆ ಅದಕ್ಕೆ ಬೀಗ ಇರುತ್ತಲ್ಲ."

"ಇದರಲ್ಲಿ ಬೀಗ ಇಲ್ಲ."

"ಇದರಲ್ಲಿ ಇಲ್ಲ. ನಮ್ಮಲ್ಲಿ ಇದೆ. ಬಟ್ಟೆ ಕಳುವಾಗುತ್ತೆ ಅಂತ ಹಾಕ್ತಾರೆ." ಅವಳು ದನಿ ತಗ್ಗಿಸಿದಳು. "ನಾನು ಹೇಳ್ದೆ ಅನ್ನಬೇಡಿ."

ಹೆಂಗಸರು ಹೋದ ಮೇಲೆ ಲಾವಣ್ಯಾ ತನ್ನ ಕಂಪನಿಯ ಯಜಮಾನ ರಘುನಂದನ್ ಅವರಿಗೆ ವಿಷಯ ತಿಳಿಸಿದಳು.

"ಕಾರ್ಖಾನೆಯವರು ಕೊಟ್ಟ ನಕ್ಷೆಯಲ್ಲಿ ಬಾಗಿಲು ತೆರೆದಿದೆ. ಹಾಗೇ ತೋರಿಸು," ಎಂದರು ಅವರು. "ಬೀಗ ನಮ್ಮ ತಲೆನೋವಲ್ಲ. ಈ ಕೆಲಸ ಕೈತಪ್ಪಿದ್ರೆ ಆಫೀಸು ನಡೆಸೋದೇ ಕಷ್ಟ."

"ಸರ್, ಬೆಂಕಿ ಬಿದ್ದಾಗ ಆ ಕಡೆಗೇ ಓಡಿ ಅಂತ ನಾವೇ ಕಲಿಸ್ತಾ ಇದ್ದೀವಿ."

ಅವರು ಲ್ಯಾಪ್‌ಟಾಪ್ ಕಡೆ ತಿರುಗಿದರು. ಲಾವಣ್ಯಾಗೆ ಅಂದು ಊಟ ಸೇರಲಿಲ್ಲ. ಬಾಯಿಬಿಟ್ಟರೆ ಬಬಿತಾಳ ಕೆಲಸಕ್ಕೆ ಕುತ್ತು. ಸುಮ್ಮನಿದ್ದರೆ ಅವರೆಲ್ಲರ ಜೀವಕ್ಕೆ. ಶುಕ್ರವಾರ ಅಳತೆಯ ನೆಪ ಹೇಳಿ ಲಾವಣ್ಯಾ ತಾನೇ ಕಾರ್ಖಾನೆಗೆ ಹೋದಳು. ಹಿಂಬಾಗಿಲಿಗೆ ಅಡ್ಡಲಾಗಿ ರಟ್ಟಿನ ಪೆಟ್ಟಿಗೆಗಳಿದ್ದವು. ಸಂದಿಯಲ್ಲಿ ಕೈ ತೂರಿಸಿದಾಗ ಬೀಗ ತಣ್ಣಗೆ ಬೆರಳಿಗೆ ತಗುಲಿತು.

ಸೋಮವಾರ ಅವಳು ಹೆಡ್‌ಸೆಟ್ಟನ್ನು ಮ್ಯಾನೇಜರ್ ಕೈಗೇ ಕೊಟ್ಟಳು. ಅವರು ನಗುತ್ತಲೇ ಕಟ್ಟಿಕೊಂಡರು. ಹೊಗೆ ಏಳುತ್ತಿದ್ದಂತೆ ಹಸಿರು ಬಾಣ ಹಿಡಿದು ನೇರವಾಗಿ ಹಿಂಬಾಗಿಲಿಗೆ ಹೋದರು, ತಳ್ಳಿದರು. ತೆರೆಯಲಿಲ್ಲ; ಲಾವಣ್ಯಾ ಈಗ ಪರದೆಯೊಳಗೂ ಬೀಗ ಹಾಕಿದ್ದಳು. ಮತ್ತೆ ತಳ್ಳಿದರು. ಅವರ ಬೆನ್ನ ಹಿಂದೆ ಇಪ್ಪತ್ತು ಜನ ಕೆಮ್ಮುತ್ತಿದ್ದರು. ತಿರುಗಿ ಮುಂಭಾಗದ ಮೆಟ್ಟಿಲ ಕಡೆ ಎರಡು ಹೆಜ್ಜೆ ಇಡುವುದರೊಳಗೆ ಎಲ್ಲ ಕೆಂಪಾಯಿತು.

ಹೆಡ್‌ಸೆಟ್ ತೆಗೆದಾಗ ಅವರ ಹಣೆಯ ಮೇಲೆ ಅದರ ಗುರುತು ಬಿದ್ದಿತ್ತು. "ಯಾರು ಹೇಳಿದ್ದು ನಿಮಗೆ?"

ಲಾವಣ್ಯಾ ಹೆಡ್‌ಸೆಟ್ಟನ್ನು ವಾಪಸ್ ತೆಗೆದುಕೊಂಡಳು. "ಯಾರೂ ಹೇಳಿಲ್ಲ ಸರ್. ಶುಕ್ರವಾರ ನಾನೇ ಬಂದು ನೋಡಿದೆ."

ಅವರು ರಘುನಂದನ್ ಮುಖ ನೋಡಿದರು. ರಘುನಂದನ್ ನೆಲ ನೋಡುತ್ತ, "ಹೌದು, ನಮ್ಮ ಹುಡುಗಿ ನೋಡಿದ್ದಾಳೆ," ಎಂದಷ್ಟೇ ಅಂದರು. ಮ್ಯಾನೇಜರ್ ಚಹಾ ಮುಟ್ಟದೆ ಹೊರಟುಹೋದರು.

ಬುಧವಾರ ಮೇಲ್ ಬಂತು. ಈ ಪಾಠ ತಮಗೆ ಬೇಕಿಲ್ಲ ಎಂದು ಒಂದೇ ಸಾಲು, ಕಾರಣ ಬರೆದಿರಲಿಲ್ಲ. ರಘುನಂದನ್ ಅದನ್ನು ಎರಡು ಸಲ ಓದಿ, "ಹೋಗ್ಲಿ, ಬೇರೆ ಗಿರಾಕಿ ಹುಡುಕೋಣ," ಎಂದರು. ಅವರ ದನಿಯಲ್ಲಿ ಕಸುವಿರಲಿಲ್ಲ.

ಮಧ್ಯಾಹ್ನ ಲಾವಣ್ಯಾ ಕಾರ್ಖಾನೆಯ ಹಿಂದಿನ ಗಲ್ಲಿಗೆ ನಡೆದುಕೊಂಡು ಹೋದಳು. ಬಬಿತಾಳಿಗೆ ಏನಾಗಿದೆಯೋ ಎಂಬ ಭಯ ಕಾಲಿಗೆ ತೊಡರುತ್ತಿತ್ತು. ಗೋಡೆಗೆ ಅಂಟಿಕೊಂಡು ತುಕ್ಕುಹಿಡಿದ ಕಬ್ಬಿಣದ ಮೆಟ್ಟಿಲುಗಳು ಮೇಲೇರಿದ್ದವು. ಅವಳು ಕತ್ತೆತ್ತಿದಳು. ಮೂರನೇ ಮಹಡಿಯಲ್ಲಿ ಹಿಂಬಾಗಿಲು ತೆರೆದಿತ್ತು; ಅದರ ಮುಂದಿನ ಮೆಟ್ಟಿಲ ಮೇಲೆ, ಚಳಿಗಾಲದ ಹಿತವಾದ ಬಿಸಿಲಿಗೆ ಬೆನ್ನು ಕೊಟ್ಟು, ಬಬಿತಾ ಮತ್ತು ನಾಲ್ಕೈದು ಹೆಂಗಸರು ಒಂದೇ ಡಬ್ಬಿಗೆ ಕೈ ಹಾಕಿ ರೊಟ್ಟಿ ತಿನ್ನುತ್ತಿದ್ದರು.