ಖುಲ್ಲಾ ಜಾಗ

ಬಂದಗಿಸಾಬ ಮೊಣಕಾಲೂರಿ ಬಿದಿರಿನ ಗಂಟು ಬಿಗಿದ. ಹೆಣ ಕೂಡಿಸಿ ಹೊರುವ ವಿಮಾನ ಸಿದ್ಧವಾಗಿತ್ತು. ಹೊರಲು ನಾಲ್ವರು ಬೇಕು. ಅಂಗಳದಲ್ಲಿದ್ದವರು ಅವನು, ಪುರಸಭೆಯ ಜವಾನ ಪರಸಪ್ಪ, ಮಂತ್ರ ಹೇಳಲು ಬಂದ ಅಯ್ಯನವರು. ಆಲಮೇಲದಿಂದ ಬೆಳಗಿನ ಬಸ್ಸಿಗೆ ಬಂದ ಅಕ್ಕ ಸಿದ್ದವ್ವ, ಗೋಡೆಗೆ ಒರಗಿಸಿ ಕೂಡಿಸಿದ್ದ ತಮ್ಮ ರೇವಪ್ಪನ ಹೆಣದ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ರೇವಪ್ಪನಿಗೆ ಹೆಂಡತಿ ಮಕ್ಕಳಿರಲಿಲ್ಲ. ಸಿಂದಗಿ ಪುರಸಭೆಯಲ್ಲಿ ಇಪ್ಪತ್ತೆರಡು ವರ್ಷ ಸರ್ವೇಯರ್ ಆಗಿದ್ದ.

"ಓಣ್ಯಾಗಿನ ಮಂದಿ ಬರೂದಿಲ್ಲೇನ್ರಿ?" ಸಿದ್ದವ್ವ ಕೇಳಿದಳು.

"ಬಾಗಲಾ ಹಾಕ್ಕೊಂಡಾರವ್ವ," ಎಂದ ಪರಸಪ್ಪ. "ರಸ್ತಾಕ್ಕ ಮುಂದ ಬಂದ ಕಟ್ಟಿ ಎಲ್ಲಾ ಒಡಸ್ಯಾರ ಸಾಹೇಬ್ರು. ಈಗ ಯಾರು ಹೆಗಲು ಕೊಡ್ತಾರ?"

*

ನಾಲ್ಕು ವರ್ಷದ ಹಿಂದೆ, 1972ರಲ್ಲಿ, ಶಂಕರೆಪ್ಪ ತನ್ನ ಎಂಟು ಎಕರೆ ಹೊಲದಲ್ಲಿ ನಿವೇಶನ ಹಾಕಿದ. ಮಂಜೂರಾತಿಯ ಷರತ್ತಿನಂತೆ ಮೂವತ್ತೆರಡು ಗುಂಟೆ ಉದ್ಯಾನಕ್ಕೆ ಬಿಡಬೇಕಿತ್ತು. ಅದನ್ನೂ ಮಾರಲು ಹೊರಟಾಗ ರೇವಪ್ಪ ಅಳೆದು ನಾಲ್ಕೂ ಮೂಲೆಗೆ ಕಲ್ಲು ನೆಡಿಸಿದ. ಅಳತೆಯ ಸರಪಳಿ ಎಳೆದವನು ಬಂದಗಿಸಾಬ.

"ಇಲ್ಲಿ ಯಾರು ಬಂದು ಕೂಡ್ತಾರ್ರಿ ಸಾಹೇಬ್ರ? ಒಂದು ಗಿಡಾ ಇಲ್ಲ."

"ಜಾಗಾ ಇದ್ರ ಗಿಡಾ ಬರ್ತೈತಿ. ಕಲ್ಲು ನೆಟ್ಟಗ ನಿಲ್ಸು."

ಅಂದಿನಿಂದ ರೇವಪ್ಪನನ್ನು ಚಹಾಕ್ಕೆ ಕರೆಯುವವರೂ ಇಲ್ಲವಾದರು.

*

ಹನ್ನೊಂದಕ್ಕೆ ಶಂಕರೆಪ್ಪ ಹಾರ ಹಿಡಿದು ಬಂದ. ಹಿಂದೆ ಆರು ಆಳು.

"ಅಕ್ಕಾರ, ರುದ್ರಭೂಮಿ ಎರಡು ಮೈಲಿ. ಯಾಕ ತ್ರಾಸು? ಉದ್ಯಾನಕ್ಕ ಬಿಟ್ಟ ಖುಲ್ಲಾ ಜಾಗದಾಗ ಕುಣಿ ತಗಸ್ತೇನಿ, ಗದ್ದಿಗಿ ಕಟ್ಟಸ್ತೇನಿ. ಊರ ಮಂದಿ ಕೈಮುಗೀತಾರ."

ಸಿದ್ದವ್ವನ ಕಣ್ಣು ತುಂಬಿತು. ತಮ್ಮನಿಗೆ ಕೈಮುಗಿಯುವ ಮಂದಿ!

ಶಂಕರೆಪ್ಪನ ಮಾತು ಪುರಸಭೆಯಲ್ಲಿ ನಡೆಯುತ್ತಿತ್ತು. ಬಂದಗಿಸಾಬ ಅಲ್ಲಿ ದಿನಗೂಲಿ. ಆದರೂ ಹೇಳಿದ: "ಬ್ಯಾಡ್ರಿ ಅಕ್ಕಾರ. ಗದ್ದಿಗಿ ಎದ್ದರ ಅದು ಉದ್ಯಾನ ಆಗಿ ಉಳಿಯೂದಿಲ್ಲ. ಸುತ್ತಲಿಂದೆಲ್ಲಾ ಪ್ಲಾಟ್ ಮಾಡಿ ಮಾರ್ತಾರ. ಸಾಹೇಬ್ರು ನೆಟ್ಟ ಕಲ್ಲು ಸಾಹೇಬ್ರನ್ನ ಹೂಳಿ ಕೀಳಸ್ತಾರ."

"ಹಂಗಾರ ನಾಕನೇ ಹೆಗಲು ಎಲ್ಲಿಂದ ತರ್ತೀ, ಬಂದಗಿ?" ಶಂಕರೆಪ್ಪ ನಕ್ಕ. "ನಾಳಿ ಕೂಲಿ ಎಲ್ಲಿಂದ ತರ್ತೀ?"

ಸಿದ್ದವ್ವ ತಮ್ಮನ ಮುಖ ನೋಡಿ ಶಂಕರೆಪ್ಪನ ಕಡೆ ತಿರುಗಿದಳು.

"ಅಂವಾ ಎಂದೂ ಅಳತಿ ದಾಟಿ ಕೂತಾಂವಲ್ಲ. ಹಾರಾ ಹಾಕಿ ಹೋಗ್ರಿ, ಶಂಕರೆಪ್ಪಾರ."

ಹೆಣವನ್ನು ವಿಮಾನದಲ್ಲಿ ಕೂಡಿಸಿದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಿದಿರಿನ ತುದಿಗೆ ತಾನೇ ಹೆಗಲು ಕೊಟ್ಟಳು. ಅಯ್ಯನವರು ಇನ್ನೊಂದು ತುದಿ ಹಿಡಿದರು.

ವಿಮಾನ ರಸ್ತೆಗಿಳಿಯಿತು. ರೇವಪ್ಪ ಕಟ್ಟೆ ಒಡೆಸಿ ಬಿಡಿಸಿದ ನಲವತ್ತು ಅಡಿ ಅಗಲ. ಎರಡು ಚಕ್ಕಡಿ ಎದುರುಬದುರು ಆರಾಮಾಗಿ ದಾಟುವಷ್ಟು. ಅದರ ನಡುವೆ ನಾಲ್ವರು ಕುಳಿತ ಹೆಣ ಹೊತ್ತು ನಡೆದರು. ಎರಡೂ ಬದಿಗೆ ಬೇಕಾದಷ್ಟು ಬಿಸಿಲು ಖಾಲಿ ಬಿದ್ದಿತ್ತು.