ಗುರಮ್ಮ ಸುತ್ತಿದ ಗಾಜಿನ ಲಡಿ

ಗುರಮ್ಮ ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟು ಅಂಗೈ ಕೆಳಗೆ ಇನ್ನೂ ಅಗಲವಾಗುತ್ತಿರುವಾಗಲೇ ಪಡಸಾಲೆಯಿಂದ ಸೊಸೆ ಬಸವೇಶ್ವರಿಯ ಕೂಗು ಬಂತು.

"ಅತ್ತೀ, ನೆಟ್ ಬರವಲ್ದು ನೋಡ್ರಿ!"

"ಬರದಿದ್ರ ಹೋಗ್ಲಿ ಬಿಡು. ಅದೇನು ಮನಿ ಅಳಿಯನಾ, ಕಾಲು ತೊಳ್ಯಾಕ ನೀರು ಹಿಡ್ಕೊಂಡು ಕಾಯಾಕ?"

"ಹಂಗನಬ್ಯಾಡ್ರಿ. ಇವತ್ತು ಹರಿತಾನ ಪಾಳಿ ಐತಿ."

ಗುರಮ್ಮನ ಕೈ ನಿಂತಿತು. ಅರ್ಧ ಬಡಿದ ರೊಟ್ಟಿಯನ್ನು ಹಾಗೇ ಬಿಟ್ಟು, ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

ಹರಿತಾ ಅವಳ ಮೊಮ್ಮಗಳು, ಎರಡನೇ ಕ್ಲಾಸು. ಮನಸ್ಸಿನ ತುಂಬ ಮಾತಿದ್ದರೂ ಮೊದಲ ಅಕ್ಷರ ನಾಲಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಭಾನುವಾರ ಹತ್ತು ಗಂಟೆಗೆ ರಾಯಚೂರಿನಿಂದ ಶಿವರಂಜನಿ ಟೀಚರು ಅಂಥ ಕೆಲವು ಮಕ್ಕಳಿಗೆ ವಿಡಿಯೊದಲ್ಲಿ ಮಾತು ಕಲಿಸುತ್ತಾರೆ. ವಾರಕ್ಕೊಂದು ಮಗು ತನ್ನ ಮನಸ್ಸಿನ ಪ್ರಶ್ನೆಯನ್ನು ಎಲ್ಲರೆದುರು ಗಟ್ಟಿಯಾಗಿ ಕೇಳಬೇಕು. ಹಿಂದೆ ಪಾಳಿ ಬಂದಾಗಲೆಲ್ಲ ಹರಿತಾ ತಲೆ ತಗ್ಗಿಸಿ ಕೂತಿದ್ದಳು. ಈ ಸಲ ತಾನೇ ಬೆರಳೆತ್ತಿ "ಕೇ... ಕೇಳ್ತೀನಿ" ಅಂದಿದ್ದಳು. ಆ ಧೈರ್ಯ ಇವತ್ತು ಕೈತಪ್ಪಿದರೆ ಮತ್ತೆ ಯಾವಾಗ ಬಂದೀತೋ.

ಫೋನಿನ ನೆಟ್ ಇದೆಯಲ್ಲ ಅನ್ನಬಹುದು. ಆದರೆ ಗಡಿಯೂರು ನಾರಾಯಣಪೇಟೆಯ ಅವರ ಹಳೇ ಓಣಿಯಲ್ಲಿ ಕಲ್ಲಿನ ಗೋಡೆಗಳು ದಪ್ಪ. ಫೋನಿನಲ್ಲಿ ಚಿತ್ರ ನಿಂತು ನಿಂತು ಬರುತ್ತದೆ. ಮಾತು ತಡೆಯುವ ಮಗುವಿನ ಮುಂದೆ ಟೀಚರ ಮಾತೂ ತಡೆದು ತಡೆದು ಬಂದರೆ ಹೇಗೆ? ಅದಕ್ಕೇ ಮಗ ಮಲ್ಲೇಶ ಕಂಬದಿಂದ ಫೈಬರ್ ವೈರು ಎಳೆಸಿದ್ದು. ಆ ಮಲ್ಲೇಶ ಈಗ ಆಟೊದಲ್ಲಿ ಸಾಮಾನು ಹೇರಿಕೊಂಡು ಮಕ್ತಲ್‌ಗೆ ಹೋಗಿದ್ದ.

ಬಸವೇಶ್ವರಿ ಫೋನು ತೋರಿಸಿದಳು. "ವೈಫೈ ಗೀಟು ಪೂರಾ ತುಂಬ್ಯಾವು. ಆದ್ರ ಏನೂ ತೆರಿವಲ್ದು. ಈ ನೆಟ್ ಡಬ್ಬಿ ಹಿಂದ ಸಣ್ಣ ತೂತು ಐತಲ್ಲ, ಅದನ್ನ ಒತ್ತಿದ್ರ ಎಲ್ಲಾ ಸರಿ ಆಗತೈತಂತ." ಹೇಳುತ್ತಲೇ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿದಳು.

"ಆಗಕ್ಕಾ, ಆಗು! ನಿಲ್ಲು, ಒತ್ತಬ್ಯಾಡ!"

ಅಂಗಳದ ಮೋಟು ಗೋಡೆಯಾಚೆಯಿಂದ ಪಕ್ಕದ ಮನೆಯ ಸ್ರವಂತಿಯ ತಲೆ ಕಾಣಿಸಿತು. ಅವಳು ಬಸ್‌ಸ್ಟ್ಯಾಂಡ್ ಹತ್ತಿರ ಆನ್‌ಲೈನ್ ಅಂಗಡಿ ನಡೆಸುತ್ತಾಳೆ. ತೆಲುಗು ಮನೆಮಾತಾದರೂ ಈ ಓಣಿಯಲ್ಲಿ ಬೆಳೆದದ್ದರಿಂದ ಕನ್ನಡವೂ ಅವಳದೇ.

"ನಿನಗ ಹೆಂಗ ಗೊತ್ತಾತೇ?" ಅಂದಳು ಗುರಮ್ಮ.

"ನಿಮ್ಮ ಸೊಸಿ ದನಿ ಆಚಿ ಊರು ಗುಂಡುಮಾಲ್ ತನಕ ಕೇಳತೈತಿ, ಅತ್ತಮ್ಮ!"

ಗುರಮ್ಮನಿಗೆ ನಗು ಬಂತು, ಹಿಂದೆಯೇ ಏನೋ ನೆನಪಾಯಿತು. ಅವಳು ಸೊಸೆಯಾಗಿ ಬಂದ ಕಾಲಕ್ಕೆ ಈ ಓಣಿಯ ಮನೆಮನೆಯಲ್ಲೂ ಮಗ್ಗ. ಹೊತ್ತು ಹುಟ್ಟುವ ಮೊದಲೇ ಲಾಳಿಗಳ ಸದ್ದು ಶುರುವಾಗುತ್ತಿತ್ತು. ಕಣ್ಣು ಮುಚ್ಚಿ ಕೇಳಿದರೂ ಇದು ಪೋಚಮ್ಮನ ಮಗ್ಗ, ಇದು ಆಶಪ್ಪನದು ಅಂತ ತಿಳಿಯುತ್ತಿತ್ತು. ಯಾರದಾದರೂ ಸದ್ದು ನಿಂತರೆ ಸಾಕು, ಗೋಡೆಯಾಚೆಯಿಂದ "ಯಾಕ ನಿಂತೈತಿ? ಬರ್ಲೇನು?" ಅನ್ನುವ ಕೂಗು. ಈಗ ಲಾಳಿಗಳಿಲ್ಲ. ಅವಳ ಮನೆಯ ಮಗ್ಗದ ಗುಂಡಿಯ ಮೇಲೂ ಬಂಡೆ ಹಾಸಿದೆ. ಅದರ ಮೇಲಿನ ಗೋಡೆಯಲ್ಲೇ ಮಲ್ಲೇಶ ಈ ನೆಟ್ ಡಬ್ಬಿಗಳನ್ನು ಕೂರಿಸಿದ್ದು.

ಸ್ರವಂತಿ ಒಳಗೆ ಬಂದಳು. "ಅಕ್ಕಾ, ಆ ತೂತು ಅಂದ್ರ ರೀಸೆಟ್. ಒತ್ತಿದ್ರ ಕಂಪನಿಯವ್ರು ಒಳಗ ಹಾಕಿದ್ದ ಹೆಸರು, ಪಾಸ್‌ವರ್ಡ್ ಎಲ್ಲಾ ಅಳಿಸಿ ಹೋಗ್ತಾವು. ಮತ್ತ ಅವ್ರೇ ಬಂದು ಹಾಕಬೇಕು. ಆರಿಸಿ ಹಚ್ಚೋದು ಬ್ಯಾರೆ, ಅಳಿಸಿಬಿಡೋದು ಬ್ಯಾರೆ."

"ಅಂದ್ರ ಒಂದು ಎಳಿ ಕಡಿದ್ರ ಮಗ್ಗಕ್ಕ ಎಳೆದ ಪೂರಾ ಹಾಸನ್ನ ಕತ್ತರಿಸಿ ಒಗದಂಗ," ಅಂದಳು ಗುರಮ್ಮ.

"ಹಂಗೇ ನೋಡ್ರಿ! ಈಗ ದೀಪ ನೋಡೋಣ. ಇಲ್ಲಿ ಎರಡು ಡಬ್ಬಿ ಅದಾವು. ಕಂಬದ ವೈರು ಬಂದು ಸೇರೋದು ಈ ಸಣ್ಣ ಡಬ್ಬಿಗೆ. ಇದು ಹೊರಗಿಂದ ಬಂದಿದ್ದನ್ನ ಒಳಗ ತೊಗೋತೈತಿ. ಎರಡು ಕೊಂಬಿಂದು ರೂಟರ್, ಅದು ಮನ್ಯಾಗ ಹಂಚತೈತಿ. ಫೋನಿನಾಗ ಗೀಟು ತುಂಬ್ಯಾವು ಅಂದ್ರ ಹಂಚೋನು ಆರಾಮ್ ಅದಾನ."

"ಹಂಚಾಕ ಅವನ ಬುಟ್ಟ್ಯಾಗ ಏನೂ ಬಂದಿಲ್ಲ?" ಅಂದಳು ಬಸವೇಶ್ವರಿ.

"ಖರೇ ಅಂದ್ರಿ."

ಮೊದಲು ಎರಡೂ ಡಬ್ಬಿ ಆರಿಸಿದರು. ಸ್ವಲ್ಪ ಹೊತ್ತು ಬಿಟ್ಟು ಮೊದಲು ಸಣ್ಣದನ್ನು, ಆಮೇಲೆ ರೂಟರನ್ನು ಹಚ್ಚಿದರು. ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಇವತ್ತು ಹೋಗಲಿಲ್ಲ. ಸಣ್ಣ ಡಬ್ಬಿಯಲ್ಲಿ ಒಂದು ಕೆಂಪು ದೀಪ ಪಿಳಿಪಿಳಿ ಅನ್ನುತ್ತಲೇ ಇತ್ತು.

"ಈ ಕೆಂಪು ದೀಪ ಹತ್ತಿದ್ರ ವೈರಿನಾಗ ಬೆಳಕು ಬರಾಕತ್ತಿಲ್ಲ ಅಂತ," ಅಂದಳು ಸ್ರವಂತಿ. "ಫೈಬರ್ ಒಳಗ ಕರೆಂಟ್ ಇರಂಗಿಲ್ಲ, ಅತ್ತಮ್ಮ. ಕೂದಲಿನಂಥ ಗಾಜಿನ ಎಳಿ ಇರತೈತಿ. ಅದರಾಗ ಬೆಳಕು ಓಡತೈತಿ."

"ಏ ಹೋಗೇ! ದಾರದಾಗ ಬೆಳಕು ಓಡತೈತಂತ! ನನ್ನ ಕೂದಲು ಹಣ್ಣಾಗ್ಯಾವು, ತಲಿ ಕೆಟ್ಟಿಲ್ಲ."

ಮೂಲೆಯಲ್ಲಿ ಟ್ಯಾಬು ಹಿಡಿದು ಕೂತಿದ್ದ ಹರಿತಾ ಮುಖವೆತ್ತಿ ಇಬ್ಬರನ್ನೂ ನೋಡಿದಳು. ಗೋಡೆಯ ಗಡಿಯಾರ ನೋಡಿ ಮತ್ತೆ ತಲೆ ತಗ್ಗಿಸಿದಳು. ಆ ತಗ್ಗಿದ ತಲೆ ನೋಡಿ ಗುರಮ್ಮನ ಹುಸಿ ಜಗಳ ಇಳಿದುಹೋಯಿತು.

"ಎಳಿ ಅಂದ್ಯಲ್ಲ ತಂಗಿ, ಹಂಗಾರ ಎಳಿ ಹುಡುಕೋ ರೀತೀಲೇ ಹುಡುಕೋಣ," ಅಂದಳು. ಅವಳ ಅತ್ತೆ ಎಂಕಮ್ಮ ಕಲಿಸಿದ್ದು ಅದು. ಎಳೆ ತುಂಡಾದಾಗ ಗಾಬರಿಯಾಗಿ ನಡುವೆ ಕೈ ಹಾಕಬಾರದು. ಒಂದು ತುದಿ ಹಿಡಿದು, ಬೆರಳಿಗೆ ಬೆರಳು ಕೊಡುತ್ತ, ಇನ್ನೊಂದು ತುದಿಯವರೆಗೆ ಹೋಗಬೇಕು. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತ ಎಂಕಮ್ಮನ ಬೆರಳುಗಳು, ಕಿಟಕಿಯ ಬಿಸಿಲಿಗೆ ಮಿಂಚುವ ರೇಷ್ಮೆ, ಅವಳ ಬಾಯಿಯ ಎಲೆಅಡಿಕೆಯ ಘಮ ಎಲ್ಲವೂ ಒಂದು ಗಳಿಗೆ ಗುರಮ್ಮನ ಹತ್ತಿರ ಬಂದು ಕೂತವು.

ಬಾಗಿಲ ಮೇಲಿನ ತೂತಿನಿಂದ ವೈರು ಒಳಗೆ ಬರುವ ಕಡೆ ಶುರು ಮಾಡಿದರು. ಅಲ್ಲಿ ಸರಿ ಇತ್ತು. ಗೋಡೆಯಗುಂಟ ಇಳಿದು ಬಂದರು. ಇಲಿ ಕಡಿದಿರಲಿಲ್ಲ, ಮೊಳೆ ಒತ್ತಿರಲಿಲ್ಲ. ಡಬ್ಬಿಯ ಹಿಂದೆ ಬೆರಳು ಹೋದಾಗ ಗುರಮ್ಮ ತಟ್ಟನೆ ನಿಂತಳು.

ಅಲ್ಲಿ ಒಂದು ಪುಟ್ಟ ಲಡಿ ಇತ್ತು. ಉಳಿದ ವೈರನ್ನು ನೂಲಿನ ಹಾಗೆ ಹುರಿಗೊಳಿಸಿ, ನಡು ಮಡಚಿ, ಬಿಳಿ ದಾರದಿಂದ ಬಿಗಿಯಾಗಿ ಕಟ್ಟಿತ್ತು.

ಸ್ರವಂತಿ ಅಂದಳು, "ಎಷ್ಟು ಚಂದ ಕಟ್ಯಾರ! ಯಾರ ಕೈ ಕೆಲಸ ಇದು?"

ಗುರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಂದೇ ನೋಡೇ. ಇವತ್ತ ನಸುಕಿನಾಗ ಕಸ ಹೊಡಿವಾಗ ಜೋತಾಡೋದು ಕಂಡೆ. ನೇಯ್ಯೋ ಮನ್ಯಾಗ ಎಳಿ ಹಂಗ ಬಿದ್ದಿದ್ರ ನನ್ನ ಕೈ ಸುಮ್ನಿರಂಗಿಲ್ಲ."

"ರೇಷ್ಮಿ ಮಡಚಿದ್ರ ಮಡಚತೈತಿ, ಗಾಜು ಮಡಚಿದ್ರ ಬೆಳಕು ಅಲ್ಲೇ ನಿಲ್ಲತೈತಿ," ಅಂದಳು ಸ್ರವಂತಿ. "ಸಾವಕಾಶ ಬಿಡಿಸ್ರಿ. ಎಳಿಬ್ಯಾಡ್ರಿ. ಡಬ್ಬಿಗೆ ಸೇರೋ ತುದಿ ಕಿತ್ತು ಕಣ್ಣಿಗೆ ಹಿಡೀಬ್ಯಾಡ್ರಿ, ಆ ಬೆಳಕು ಕಣ್ಣಿಗೆ ಕೆಟ್ಟದ್ದು."

ಗುರಮ್ಮ ದಾರ ಬಿಚ್ಚಿದಳು. ಹುರಿ ಬಿಡಿಸಿ, ರೊಟ್ಟಿಯಷ್ಟು ಅಗಲದ ಸಡಿಲ ಸುತ್ತು ಮಾಡಿ ಮೊಳೆಗೆ ಹಾಕಿದಳು. ಕೆಂಪು ದೀಪ ಇನ್ನೆರಡು ಸಲ ಮಿನುಗಿ ಆರಿತು. ಪಕ್ಕದಲ್ಲಿ ಹಸಿರು ಹತ್ತಿ, ಮಿನುಗಿ, ನಿಂತಿತು.

"ನಿಂತೈತಿ!" ಅಂದಳು ಗುರಮ್ಮ. "ನಮ್ಮವ್ವಾ, ಬೆಳಕು ಖರೇವಂದ್ರೂ ಓಡತೈತಿ! ಇನ್ಮ್ಯಾಲ ನನ್ನ ಕಸಬರಿಗಿನೂ ಆ ಕಡಿ ಹಾಯಂಗಿಲ್ಲ ತೊಗೋ."

"ಹಾಯ್ಲಿ, ಅತ್ತೀ. ಧೂಳು ಹೊಡೀರಿ, ಮಡಚಬ್ಯಾಡ್ರಿ ಅಷ್ಟ," ಅಂದಳು ಬಸವೇಶ್ವರಿ, ಪಿನ್ನನ್ನು ಬಳೆಗೆ ಸಿಕ್ಕಿಸುತ್ತ.

ಹರಿತಾಳ ಟ್ಯಾಬಿನಲ್ಲಿ ಸಣ್ಣ ಚಕ್ರ ತಿರುಗತೊಡಗಿತು. ಅದು ತಿರುಗಿ ಮುಗಿಯುವಷ್ಟರಲ್ಲಿ, ಇದನ್ನು ಓದುತ್ತಿರುವ ಅಕ್ಕತಂಗಿಯರೇ, ನಿಮಗೊಂದು ಮಾತು. ನಿಮ್ಮ ಮನೆಯಲ್ಲೂ ನೆಟ್ ನಿಂತೀತು. ಗಾಬರಿಯಾಗಬೇಡಿ, ಮೊದಲು ದೀಪ ನೋಡಿ. ಆರಿಸಿ ಹಚ್ಚಿ. ವೈರು ಎಲ್ಲಾದರೂ ಸಡಿಲಾಗಿದೆಯೋ, ಮಡಚಿದೆಯೋ ಅಂತ ತುದಿಯಿಂದ ತುದಿಗೆ ನೋಡಿ. ಫೈಬರ್ ವೈರಿನ ಮೇಲೆ ಬಟ್ಟೆ ಒಣಗಿಸಬೇಡಿ, ಡಬ್ಬಿಗೆ ಬಟ್ಟೆ ಹೊದಿಸಬೇಡಿ, ಅದಕ್ಕೂ ಗಾಳಿ ಬೇಕು. ರೀಸೆಟ್ ತೂತಿಗೆ ಪಿನ್ನು ಹಾಕಬೇಡಿ. ಇಷ್ಟಾದ ಮೇಲೂ ಕೆಂಪು ದೀಪ ಹೋಗದಿದ್ದರೆ ಕಂಪನಿಗೆ ಫೋನು ಮಾಡಿ, "ಕೆಂಪು ದೀಪ ಹತ್ತಿದೆ" ಅಂತಲೇ ಹೇಳಿ. ಮತ್ತೆ, ಮನೆಯ ಹಿರಿಯರಿಗೂ ಇದನ್ನೆಲ್ಲ ಕೂರಿಸಿಕೊಂಡು ತೋರಿಸಿ. ಗುರಮ್ಮನಿಗೆ ಯಾರೂ ತೋರಿಸಿರಲಿಲ್ಲ, ಅಷ್ಟೇ.

ಚಕ್ರ ನಿಂತಿತು. ಶಿವರಂಜನಿ ಟೀಚರ ಮುಖ ಸ್ಪಷ್ಟವಾಗಿ ಮೂಡಿತು.

"ಹರಿತಾ, ಇವತ್ತಿನ ಪ್ರಶ್ನೆ ನಿಂದು. ಅವಸರ ಇಲ್ಲ."

ಹರಿತಾಳ ಬಾಯಿ ತೆರೆಯಿತು, ಮುಚ್ಚಿತು. ಮೊಮ್ಮಗಳ ಮಾತನ್ನು ತಾನೇ ಆಡಿಬಿಡುವಷ್ಟು ಆತುರ ಗುರಮ್ಮನಿಗೆ. ಬಸವೇಶ್ವರಿ ಮೆಲ್ಲಗೆ ಅತ್ತೆಯ ಕೈ ಹಿಡಿದಳು. ಟೀಚರು ಕಾದರು. ಹರಿತಾ ಒಮ್ಮೆ ಗೋಡೆಯ ಹಸಿರು ದೀಪದ ಕಡೆ ನೋಡಿ, ಉಸಿರು ತುಂಬಿಕೊಂಡಳು.

"ಟೀ... ಟೀಚರ್, ಬೆ... ಬೆಳಕೂ ನನ್ನಂಗ ತಡೀತೈತೇನ್ರಿ?"